ಚಿನ್ನಸ್ವಾಮಿಗೆ ಒಂದು ಸುತ್ತು

2023ರ ಅಕ್ಟೋಬರ್ 5ರಿಂದ ಒಂದೂವರೆ ತಿಂಗಳು ನಮ್ಮ ಮನೆಗಳಲ್ಲಿ ಟಿ.ವಿ. ರಿಮೋಟಿಗಾಗಿ ಕಿತ್ತಾಟ ನಡೆಯಿತು. ಹದಿಮೂರನೆಯ ಏಕದಿನ ವಿಶ್ವಕಪ್ ಕ್ರಿಕೆಟ್ ಅಂದು ಅಹಮದಾಬಾದಿನಲ್ಲಿ ಶುರುವಾಗಿ ನವೆಂಬರ್ 19ರಂದು ಅಲ್ಲೇ ಮುಗಿಯಿತು. 1987, 1996 ಮತ್ತು 2011ರಲ್ಲಿ ನಾವು ನೆರೆಯ ದೇಶಗಳ ಜೊತೆ ಹಂಚಿಕೊಂಡು ವಿಶ್ವಕಪ್ ನಡೆಸಿದ್ದೆವು. ಇಡೀ ಟೂರ್ನಿ ಭಾರತದ ನೆಲದಲ್ಲೇ ನಡೆದದ್ದು ಅದೇ ಮೊದಲ ಸಲ. ಹತ್ತು ತಂಡ, ಹತ್ತು ಊರು, 48 ಪಂದ್ಯ. ಅದರಲ್ಲಿ ಐದು ಪಂದ್ಯ ನಮ್ಮ ಬೆಂಗಳೂರಿನ ಪಾಲಿಗೆ ಬಂದಿದ್ದವು.

ಆ ಐದು ಪಂದ್ಯ ನಡೆದ ಜಾಗ ಎಂ. ಚಿನ್ನಸ್ವಾಮಿ ಕ್ರೀಡಾಂಗಣ. ಟಿ.ವಿ.ಯಲ್ಲಿ ಎಲ್ಲರೂ ನೋಡಿದವರೇ. ಆದರೆ ಪಂದ್ಯವಿಲ್ಲದ ದಿನ ಅದರ ಸುತ್ತ ಒಮ್ಮೆ ನಡೆದು ನೋಡಿದವರು ಕಡಿಮೆ. ಮದುವೆಗೆ ಮೊದಲು ಛತ್ರ ನೋಡಿಬರುವ ಹಾಗೆ, ಟೂರ್ನಿಗೆ ಮೊದಲು ನಾನು ಮೊಮ್ಮಗನನ್ನು ಕರೆದುಕೊಂಡು ಅಲ್ಲಿಗೆ ಹೋಗಿಬಂದೆ. ದಾರಿಯಲ್ಲಿ ಅವನು ಕೇಳಿದ್ದು, ನಾನು ಹೇಳಿದ್ದು, ಇಬ್ಬರೂ ವಾದ ಮಾಡಿದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಟೋಕನ್ ಹಿಡಿದು ಹೊರಟೆವು

ನಮ್ಮ ಮನೆ ವಿಜಯನಗರದಲ್ಲಿ. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ನಡುವೆ ಬದಲಾಯಿಸುವ ಗೋಜಿಲ್ಲದೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲೇ ಇಳಿಯಬಹುದು. ಕೌಂಟರಿನಲ್ಲಿ ಕೊಟ್ಟ ಪುಟ್ಟ ಪ್ಲಾಸ್ಟಿಕ್ ಟೋಕನನ್ನು ಮೊಮ್ಮಗನ ಕೈಗಿಟ್ಟು, ನಮ್ಮ ಬ್ಯಾಂಕಿನ ಹಿತ್ತಾಳೆ ಟೋಕನಿನ ಕಥೆ ಹೇಳಿದೆ. ಹಿಂದೆ ಚೆಕ್ ಕೊಟ್ಟವರಿಗೆ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದೆವು. ಕ್ಯಾಷಿಯರ್ ಆ ನಂಬರು ಕೂಗುವವರೆಗೆ ಗಿರಾಕಿಗಳು ಬೆಂಚಿನ ಮೇಲೆ ಕೂತು ಕಾಯಬೇಕು. ಕ್ರಿಕೆಟ್ ಇದ್ದ ದಿನ ಮಾತ್ರ ಯಾರೂ ಅವಸರ ಮಾಡುತ್ತಿರಲಿಲ್ಲ. ಮ್ಯಾನೇಜರರ ಕೋಣೆಯ ಟ್ರಾನ್ಸಿಸ್ಟರ್ ಕೇಳುವಷ್ಟು ಹತ್ತಿರದ ಬೆಂಚಿಗೆ ಆ ದಿನ ಬೇಡಿಕೆ ಹೆಚ್ಚು!

“ಅಷ್ಟು ಹೊತ್ತು ಸುಮ್ಮನೆ ಕಾಯ್ತಿದ್ರಾ ತಾತ?” ಎಂದು ಮೊಮ್ಮಗ ಕಣ್ಣರಳಿಸಿದ. ಅವನು ಏಳನೇ ತರಗತಿ. ಅವನ ಕ್ರಿಕೆಟ್ ಅಂದರೆ ಐಪಿಎಲ್. ಮೂರೂವರೆ ಗಂಟೆಯಲ್ಲಿ ಎಲ್ಲ ಮುಗಿದು ಪಟಾಕಿಯೂ ಹಾರಿಬಿಡಬೇಕು. “ಐವತ್ತು ಓವರ್ ಯಾರು ನೋಡ್ತಾರೆ? ನಡುವೆ ನಿದ್ದೆ ಬರತ್ತೆ” ಎನ್ನುವುದು ಅವನ ವಾದ. ಇನ್ನೊಂದು ವಿಷಯವೂ ಇತ್ತು. ಶಾಲೆಯ ತಂಡದಲ್ಲಿ ಅವನು ಲೆಗ್ ಸ್ಪಿನ್ ಹಾಕುತ್ತಾನೆ. ಈಚೆಗೆ ಒಂದೇ ಓವರಿನಲ್ಲಿ ಮೂರು ಸಿಕ್ಸರ್ ಹೊಡೆಸಿಕೊಂಡು ಬಂದ ಮೇಲೆ, “ಬೌಲಿಂಗ್ ಬಿಟ್ಟುಬಿಡ್ತೀನಿ, ಬರೀ ಬ್ಯಾಟಿಂಗ್ ಮಾಡ್ತೀನಿ” ಎಂದು ಹಟ ಹಿಡಿದಿದ್ದ. ಅವನನ್ನು ನಾನು ಚಿನ್ನಸ್ವಾಮಿಗೆ ಕರೆದೊಯ್ದದ್ದಕ್ಕೆ ನಿಜವಾದ ಕಾರಣ ಅದೇ.

ಕಲ್ಲು, ಸಿಮೆಂಟು, ಚಂದ್ರಶೇಖರ್

ನಿಲ್ದಾಣದಿಂದ ಮೇಲೆ ಬಂದರೆ ಒಂದು ಕಡೆ ಕಬ್ಬನ್ ಉದ್ಯಾನದ ಹಸಿರು, ಇನ್ನೊಂದು ಕಡೆ ಕ್ರೀಡಾಂಗಣದ ಗೋಡೆ ಮತ್ತು ಎತ್ತರದ ದೀಪಗಳ ಕಂಬ. ಒಳಗೆ ವಿಶ್ವಕಪ್‌ ಸಿದ್ಧತೆ ನಡೆದಿತ್ತು. ಪಂದ್ಯವಿಲ್ಲದ ದಿನ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಹಾಗಾಗಿ ಕ್ವೀನ್ಸ್ ರಸ್ತೆಯ ಕಡೆಯಿಂದ ಗೋಡೆ ಹಿಡಿದು ನಡೆದೆವು. ಗೇಟಿನ ಸಂದಿಯಲ್ಲಿ ಸಾಲು ಸಾಲು ಕುರ್ಚಿಗಳು, ಒಂದು ಚೂರು ಹಸಿರು ಕಂಡವು. ಅಷ್ಟಕ್ಕೇ ಮೊಮ್ಮಗ ಎರಡು ನಿಮಿಷ ಅಲ್ಲೇ ನಿಂತುಬಿಟ್ಟ.

ಈ ಕ್ರೀಡಾಂಗಣಕ್ಕೆ ಶಂಕುಸ್ಥಾಪನೆಯಾದದ್ದು 1969ರಲ್ಲಿ. ಮಂಡ್ಯದ ವಕೀಲರಾಗಿದ್ದ ಎಂ. ಚಿನ್ನಸ್ವಾಮಿಯವರು ರಾಜ್ಯ ಕ್ರಿಕೆಟ್ ಸಂಸ್ಥೆಯನ್ನು ಬಹುಕಾಲ ಮುನ್ನಡೆಸಿದವರು. ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರೂ ಆಗಿದ್ದವರು. ಮುಂದೆ ಅವರ ಹೆಸರನ್ನೇ ಕ್ರೀಡಾಂಗಣಕ್ಕೆ ಇಟ್ಟರು.

1974ರ ನವೆಂಬರಿನಲ್ಲಿ ಇಲ್ಲಿ ಮೊದಲ ಟೆಸ್ಟ್ ನಡೆಯಿತು. ಎದುರಾಳಿ ವೆಸ್ಟ್ ಇಂಡೀಸ್. ಆ ತಂಡದಲ್ಲಿ ಇಬ್ಬರು ಹೊಸ ಹುಡುಗರು. ಒಬ್ಬ ಗಾರ್ಡನ್ ಗ್ರೀನಿಜ್. ಮೊದಲ ಪಂದ್ಯದಲ್ಲೇ 93 ಮತ್ತು 107 ರನ್ ಹೊಡೆದ. ಇನ್ನೊಬ್ಬ ವಿವಿಯನ್ ರಿಚರ್ಡ್ಸ್. ಮುಂದೆ ಜಗತ್ತಿನ ಬೌಲರುಗಳೆಲ್ಲ ನಡುಗುವಂತೆ ಆಡಿದ ಈ ರಿಚರ್ಡ್ಸ್ ಇಲ್ಲಿ ಮಾಡಿದ್ದು 4 ಮತ್ತು 3. ಎರಡು ಸಲವೂ ಔಟ್ ಮಾಡಿದವರು ನಮ್ಮವರೇ ಆದ ಬಿ.ಎಸ್. ಚಂದ್ರಶೇಖರ್. ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗೈ ಸಣ್ಣಗಾಗಿತ್ತು. ಅದೇ ಕೈಯಲ್ಲಿ ಅವರು ಲೆಗ್ ಸ್ಪಿನ್ ಮಾಡಿ ದೇಶಕ್ಕೆ ಪಂದ್ಯ ಗೆದ್ದುಕೊಟ್ಟರು.

“ರಿಚರ್ಡ್ಸ್‌ನ ಎರಡೂ ಸಲ ಲೆಗ್ ಸ್ಪಿನ್ನರೇ ಔಟ್ ಮಾಡಿದ್ದಾ?” ಎಂದು ಮೊಮ್ಮಗ ಮತ್ತೆ ಕೇಳಿದ. ನಾನು ಹೌದು ಎಂದೆ, ಹೆಚ್ಚು ಮಾತಾಡಲಿಲ್ಲ. ಬೀಜ ಬಿತ್ತಿದ ಮೇಲೆ ಅದನ್ನು ಕೆದಕಿ ನೋಡಬಾರದು.

ಮಳೆಯಿಂದ ಹುಟ್ಟಿದ ಆಟ

ಏಕದಿನ ಕ್ರಿಕೆಟ್ ಹುಟ್ಟಿದ್ದೇ ಒಂದು ತಮಾಷೆ. 1971ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್ ಮಳೆಯಲ್ಲಿ ಕೊಚ್ಚಿಹೋಯಿತು. ಬೇಸರಗೊಂಡ ಜನರನ್ನು ಸಮಾಧಾನಪಡಿಸಲು ಜನವರಿ 5ರಂದು ಒಂದು ದಿನದ ಪಂದ್ಯ ಆಡಿಸಿದರು. ತಂಡಕ್ಕೆ 40 ಓವರ್. ಆಗ ಅಲ್ಲಿ ಓವರಿಗೆ ಎಂಟು ಎಸೆತ. ನೋಡಲು ಬಂದವರು ಸುಮಾರು 46 ಸಾವಿರ ಮಂದಿ! ಮನೆಯಲ್ಲಿ ಅನ್ನ ಮಿಕ್ಕಿತೆಂದು ಚಿತ್ರಾನ್ನ ಕಲಸಿದರೆ, ಅದಕ್ಕೇ ಎಲ್ಲರೂ ಮುಗಿಬೀಳುತ್ತಾರಲ್ಲ, ಹಾಗಾಯಿತು.

ಭಾರತ ತನ್ನ ಮೊದಲ ಏಕದಿನ ಪಂದ್ಯವನ್ನು 1974ರಲ್ಲಿ ಇಂಗ್ಲೆಂಡಿನಲ್ಲಿ ಆಡಿತು. ಸೋತಿತು. ಆದರೆ ನಮ್ಮ ಕಡೆ ಅತಿ ಹೆಚ್ಚು ರನ್, 82, ಹೊಡೆದವರು ಕರ್ನಾಟಕದ ಬ್ರಿಜೇಶ್ ಪಟೇಲ್. ಮರುವರ್ಷ ಮೊದಲ ವಿಶ್ವಕಪ್. ಆಗ ತಂಡಕ್ಕೆ 60 ಓವರ್. ಇಂಗ್ಲೆಂಡ್ 334 ರನ್ ಹೊಡೆದರೆ, ಮಹಾ ಆಟಗಾರ ಸುನಿಲ್ ಗಾವಸ್ಕರ್ 174 ಎಸೆತ ಆಡಿ 36 ರನ್ ಮಾಡಿ ಅಜೇಯರಾಗಿ ಉಳಿದರು. ಈ ಆಟ ನಮಗೆ ಅಷ್ಟು ಹೊಸದಾಗಿತ್ತು.

ಎಂಟೇ ವರ್ಷ ಕಳೆಯಿತು. 1983ರ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಅದೇ ಭಾರತ 183 ರನ್ನಿಗೆ ಔಟಾಗಿಯೂ ವೆಸ್ಟ್ ಇಂಡೀಸನ್ನು 140ಕ್ಕೆ ಕೆಡವಿ ಕಪ್ ಗೆದ್ದಿತು. ಆಗ ನಾನೊಂದು ತಾಲ್ಲೂಕು ಕೇಂದ್ರದ ಶಾಖೆಯಲ್ಲಿದ್ದೆ. ಮನೆಯಲ್ಲಿ ಟಿ.ವಿ. ಇರಲಿಲ್ಲ. ಗೊರಗೊರ ಎನ್ನುವ ರೇಡಿಯೊ ಸುತ್ತ ವಠಾರದವರೆಲ್ಲ ಕೂತು ಕೇಳಿದೆವು. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ. ಜಿಂಬಾಬ್ವೆ ವಿರುದ್ಧ 17 ರನ್ನಿಗೆ 5 ವಿಕೆಟ್ ಬಿದ್ದಿದ್ದಾಗ ಕಪಿಲ್ ದೇವ್ ಅಜೇಯ 175 ಹೊಡೆದದ್ದು ಎಲ್ಲರಿಗೂ ಗೊತ್ತು. ಇನ್ನೊಂದು ತುದಿಯಲ್ಲಿ ಬೆಂಗಳೂರಿನ ಸೈಯದ್ ಕಿರ್ಮಾನಿ ಅಜೇಯ 24 ಮಾಡಿ, ಮುರಿಯದ ಒಂಬತ್ತನೇ ವಿಕೆಟ್‌ಗೆ 126 ರನ್ ಸೇರಿಸಿದ್ದನ್ನು ಕಡಿಮೆ ಜನ ನೆನೆಯುತ್ತಾರೆ. ಆ ಪಂದ್ಯದ ಟಿ.ವಿ. ಚಿತ್ರೀಕರಣವೇ ಇಲ್ಲ. ಕಣ್ಣಾರೆ ಕಂಡವರ ಮಾತು ಮತ್ತು ಸ್ಕೋರ್ ಪುಸ್ತಕ ಎರಡೇ ಸಾಕ್ಷಿ.

ಮನೆಯಲ್ಲಿ ಹೆಣ್ಣುಮಕ್ಕಳಿದ್ದರೆ ಅವರಿಗೆ ಇದನ್ನು ತಪ್ಪದೆ ಹೇಳಿ: ಮಹಿಳೆಯರ ಮೊದಲ ವಿಶ್ವಕಪ್ ನಡೆದದ್ದು 1973ರಲ್ಲಿ, ಗಂಡಸರದಕ್ಕಿಂತ ಎರಡು ವರ್ಷ ಮೊದಲೇ. 2017ರ ಮಹಿಳಾ ಫೈನಲ್ಲಿನಲ್ಲಿ ಭಾರತ ಬರೀ 9 ರನ್ನಿನಿಂದ ಸೋತಾಗ, ಆ ತಂಡದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕ್‌ವಾಡ್, ಕಡೂರಿನ ವೇದಾ ಕೃಷ್ಣಮೂರ್ತಿ ಇದ್ದರು.

ದೀಪ ಹೊತ್ತಿದ ರಾತ್ರಿ

ಗೋಡೆಯ ಪಕ್ಕ ನಡೆಯುತ್ತ ನಾನು ದೀಪದ ಕಂಬಗಳನ್ನು ತೋರಿಸಿದೆ. 1996ರ ವಿಶ್ವಕಪ್‌ಗಾಗಿ ಅವನ್ನು ಹಾಕಿಸಿದ್ದು. ಆ ಬೆಳಕಿನಲ್ಲಿ ನಡೆದ ಮೊದಲ ಪಂದ್ಯವೇ ಮಾರ್ಚ್ 9ರ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್. ಅಂದು ಶನಿವಾರ. ನಮಗೆ ಅರ್ಧ ದಿನದ ಕೆಲಸ. ಲೆಕ್ಕ ತಾಳೆಯಾಗುವುದು ತಡವಾದೀತೆಂದು ಎಲ್ಲರೂ ಬೆಳಿಗ್ಗೆಯಿಂದ ತಲೆ ಎತ್ತದೆ ಕೂಡಿಸಿ ಕಳೆದು ಮುಗಿಸಿದೆವು. ಅಷ್ಟು ಬೇಗ ಡೇ ಬುಕ್ ತಾಳೆಯಾದ ಶನಿವಾರ ನನ್ನ ನೌಕರಿಯಲ್ಲಿ ಇನ್ನೊಂದಿಲ್ಲ.

ಸಿಧು 93 ಹೊಡೆದರು. ಕೊನೆಯಲ್ಲಿ ಅಜಯ್ ಜಡೇಜ 25 ಎಸೆತಗಳಲ್ಲಿ 45 ಚಚ್ಚಿದರು. ಭಾರತ 287. ಪಾಕಿಸ್ತಾನವೂ ಜೋರಾಗಿ ಶುರುಮಾಡಿತು. ನಾಯಕ ಆಮೇರ್ ಸೊಹೈಲ್, ವೆಂಕಟೇಶ್ ಪ್ರಸಾದ್ ಎಸೆತವನ್ನು ಬೌಂಡರಿಗೆ ಅಟ್ಟಿ, ಬ್ಯಾಟ್ ಚಾಚಿ “ಮುಂದಿನದೂ ಅಲ್ಲಿಗೇ” ಎನ್ನುವ ಹಾಗೆ ತೋರಿಸಿದರು. ನಮ್ಮ ಪ್ರಸಾದ್ ಏನೂ ಹೇಳದೆ ಹಿಂದಿರುಗಿ ನಡೆದರು. ಓಡಿಬಂದು ಎಸೆದರು. ಸ್ಟಂಪ್ ಉರುಳಿತು! ನಮ್ಮ ಬೀದಿಯ ಎಲ್ಲ ಮನೆಗಳಿಂದ ಒಟ್ಟಿಗೇ ಎದ್ದ ಕೂಗು ನನಗೆ ಇವತ್ತೂ ಕೇಳಿಸುತ್ತದೆ. ಭಾರತ 39 ರನ್ನಿನಿಂದ ಗೆದ್ದಿತು. ಪ್ರಸಾದ್ ಮೂರು ವಿಕೆಟ್, ಕುಂಬ್ಳೆ ಮೂರು ವಿಕೆಟ್.

ಮಕ್ಕಳಿಗೆ ನಾನು ಹೇಳುವುದು ಇಷ್ಟು: ಸ್ಟಂಪ್ ಬಿದ್ದ ಮೇಲಿನ ಪ್ರಸಾದರ ಕೂಗನ್ನು ಎಲ್ಲರೂ ನೆನಪಿಟ್ಟಿದ್ದಾರೆ. ನೀವು ಅದಕ್ಕೆ ಮೊದಲು ಅವರು ಮಾತಾಡದೆ ಹಿಂದಿರುಗಿ ನಡೆದ ಆ ಕೆಲವು ಹೆಜ್ಜೆಗಳನ್ನು ನೋಡಿ.

ಕುಂಬ್ಳೆ ವೃತ್ತದಲ್ಲಿ

ಸೇಂಟ್ ಮಾರ್ಕ್ಸ್ ರಸ್ತೆ ಎಂ.ಜಿ. ರಸ್ತೆಗೆ ಸೇರುವಲ್ಲಿ ಅನಿಲ್ ಕುಂಬ್ಳೆ ವೃತ್ತ ಸಿಗುತ್ತದೆ. ಮೊಮ್ಮಗನಿಗೆ ಅದನ್ನೇ ತೋರಿಸಬೇಕಿತ್ತು. “ನೋಡಪ್ಪ, ಈ ರಸ್ತೆಗೆ ಗಾಂಧಿಯವರ ಹೆಸರು, ಈ ವೃತ್ತಕ್ಕೆ ಒಬ್ಬ ಲೆಗ್ ಸ್ಪಿನ್ನರನ ಹೆಸರು” ಎಂದೆ. ಅವನು ಬೋರ್ಡನ್ನು ಎರಡು ಸಲ ಓದಿದ.

ಕುಂಬ್ಳೆ ಚೆಂಡನ್ನು ಹೆಚ್ಚು ತಿರುಗಿಸುವುದಿಲ್ಲ ಎಂದು ಮೊದಮೊದಲು ಆಡಿಕೊಂಡವರಿದ್ದರು. ಅವರೇ 1993ರ ಹೀರೊ ಕಪ್ ಫೈನಲ್ಲಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ 12 ರನ್ನಿಗೆ 6 ವಿಕೆಟ್ ಕಿತ್ತರು. 1996ರ ಅಕ್ಟೋಬರಿನಲ್ಲಿ ಇದೇ ಚಿನ್ನಸ್ವಾಮಿಯಲ್ಲಿ ಟೈಟನ್ ಕಪ್ ಪಂದ್ಯ. ಎದುರಾಳಿ ಆಸ್ಟ್ರೇಲಿಯಾ. ಗೆಲ್ಲಲು 216 ಬೇಕು. ಸಚಿನ್ 88 ಹೊಡೆದು ಔಟಾದಾಗ ಸ್ಕೋರು 8 ವಿಕೆಟ್‌ಗೆ 164. ಜನ ಏಳತೊಡಗಿದ್ದರು. ಆಗ ಉಳಿದವರು ಇಬ್ಬರು ಬೌಲರುಗಳು, ಇಬ್ಬರೂ ಕನ್ನಡಿಗರು: ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ. ಒಂದೊಂದೇ ರನ್ ಕೂಡಿಸುತ್ತ, ಕೆಟ್ಟ ಎಸೆತ ಬಂದರೆ ಹೊಡೆಯುತ್ತ ಗೆಲ್ಲಿಸಿಯೇಬಿಟ್ಟರು. ಪ್ರೇಕ್ಷಕರ ನಡುವೆ ಕುಳಿತು ಮಗನಿಗಾಗಿ ಚಪ್ಪಾಳೆ ತಟ್ಟುತ್ತಿದ್ದ ಕುಂಬ್ಳೆಯವರ ತಾಯಿಯನ್ನು ಟಿ.ವಿ.ಯವರು ಮತ್ತೆ ಮತ್ತೆ ತೋರಿಸಿದರು. ಅಂದು ಅವರ ಜೊತೆ ಚಪ್ಪಾಳೆ ತಟ್ಟದ ಅಜ್ಜಿಯರು ಬೆಂಗಳೂರಿನಲ್ಲಿ ಯಾರಿದ್ದರು!

ಇಪ್ಪತ್ತು ಓವರಿನ ಪಂದ್ಯದಲ್ಲಿ ಒಬ್ಬ ಬೌಲರಿಗೆ ಸಿಗುವುದು 24 ಎಸೆತ. ಏಕದಿನ ಪಂದ್ಯದಲ್ಲಿ 60. ಸ್ಪಿನ್ನರಿಗೆ ಇದು ದೊಡ್ಡ ವ್ಯತ್ಯಾಸ. ಬ್ಯಾಟ್ಸ್‌ಮನ್ ಕಾಲನ್ನು ಎಲ್ಲಿ ಇಡುತ್ತಾನೆ, ಯಾವ ಚೆಂಡಿಗೆ ಆಸೆಪಡುತ್ತಾನೆ ಎಂದು ತಿಳಿಯುವುದಕ್ಕೇ ಒಂದೆರಡು ಓವರ್ ಬೇಕು. ಸಿಕ್ಸರ್ ಹೊಡೆಸಿಕೊಂಡರೂ ಅದೇ ಬ್ಯಾಟ್ಸ್‌ಮನ್‌ಗೆ ಬಲೆ ಬೀಸಿ ಹಿಡಿಯಲು ಸಮಯ ಸಿಗುತ್ತದೆ. “ನಿನಗೆ ಮೂರು ಸಿಕ್ಸರ್ ಬಿದ್ದದ್ದು ಎಷ್ಟನೇ ಓವರಿನಲ್ಲಿ?” ಎಂದು ಕೇಳಿದೆ. “ಮೊದಲನೇದರಲ್ಲಿ. ಆಮೇಲೆ ಕ್ಯಾಪ್ಟನ್ ಕೊಡಲೇ ಇಲ್ಲ” ಎಂದ. “ಹಾಗಾದರೆ ನಿನ್ನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ” ಎಂದೆ. ನಕ್ಕ.

ಗೆಲುವೂ ಇಲ್ಲ, ಸೋಲೂ ಇಲ್ಲ

ಎಂ.ಜಿ. ರಸ್ತೆಯ ಕಡೆ ನಿಂತು ಒಂದೊಂದು ಪೊಟ್ಟಣ ಕಡಲೆಕಾಯಿ ತಿನ್ನುವಾಗ 2011ರ ಮಾತು ಬಂತು. ಆ ವರ್ಷ ನನಗೆ ನಿವೃತ್ತಿಯಾಗಿತ್ತು. ಫೆಬ್ರುವರಿ 27, ಭಾನುವಾರ. ಭಾರತ–ಇಂಗ್ಲೆಂಡ್ ಪಂದ್ಯ ಕೋಲ್ಕತ್ತದಲ್ಲಿ ಆಗಬೇಕಿತ್ತು. ಅಲ್ಲಿ ಕೆಲಸ ಮುಗಿಯದೆ ಬೆಂಗಳೂರಿಗೆ ಬಂತು. ಸಚಿನ್ 120 ಹೊಡೆದು ಭಾರತ 338. ಇಂಗ್ಲೆಂಡಿನ ನಾಯಕ ಸ್ಟ್ರಾಸ್ 158 ಹೊಡೆದು ಪಂದ್ಯ ಕಿತ್ತುಕೊಂಡೇ ಬಿಟ್ಟರು ಅನ್ನುವಾಗ ಜಹೀರ್ ಖಾನ್ ಸತತ ಎರಡು ಎಸೆತಗಳಲ್ಲಿ ಎರಡು ವಿಕೆಟ್ ಕಿತ್ತರು. ಕೊನೆಯ ಓವರಿನಲ್ಲಿ 14 ಬೇಕಿತ್ತು. ಕೊನೆಯ ಎಸೆತಕ್ಕೆ ಎರಡು. ಬಂದದ್ದು ಒಂದು. ಇಂಗ್ಲೆಂಡೂ 338! ಟೈ. ಎಂಟು ಗಂಟೆಯ ಹೋರಾಟದ ಕೊನೆಗೆ ಎರಡೂ ಕಡೆಯ ಮೊತ್ತ ಒಂದೇ. ಇಷ್ಟು ಚೆನ್ನಾಗಿ ತಾಳೆಯಾದ ಲೆಕ್ಕವನ್ನು ಬ್ಯಾಂಕಿನವನು ಮೆಚ್ಚದೆ ಇರುತ್ತಾನೆಯೇ?

ಮೂರೇ ದಿನ ಕಳೆದು ಅದೇ ಇಂಗ್ಲೆಂಡ್ ಅದೇ ಮೈದಾನದಲ್ಲಿ ಪುಟ್ಟ ಐರ್ಲೆಂಡಿನ ಎದುರು 327 ಹೊಡೆಯಿತು. ಐರ್ಲೆಂಡಿಗೆ 111 ಆಗುವಾಗಲೇ 5 ವಿಕೆಟ್ ಬಿದ್ದಿದ್ದವು. ತಲೆಗೂದಲಿಗೆ ಗುಲಾಬಿ ಬಣ್ಣ ಹಚ್ಚಿಕೊಂಡಿದ್ದ ಕೆವಿನ್ ಒಬ್ರಿಯನ್ 50 ಎಸೆತಗಳಲ್ಲಿ ಶತಕ ಹೊಡೆದು ತನ್ನ ತಂಡವನ್ನು ದಡ ಸೇರಿಸಿದ. ವಿಶ್ವಕಪ್‌ನಲ್ಲಿ ಅಲ್ಲಿಯವರೆಗೆ ಅಷ್ಟು ವೇಗದ ಶತಕ ಯಾರೂ ಹೊಡೆದಿರಲಿಲ್ಲ. ನಮ್ಮೂರಿನ ಜನ ಐರ್ಲೆಂಡಿಗಾಗಿ ಗಂಟಲು ಹರಿದುಕೊಂಡರು.

ನನ್ನ ಎರಡು ತಕರಾರು

ಇಲ್ಲಿಂದಲೇ ನನ್ನ ಮೊದಲ ತಕರಾರು ಶುರು. 2011ರಲ್ಲಿ ವಿಶ್ವಕಪ್‌ಗೆ 14 ತಂಡಗಳಿದ್ದವು. 2023ರಲ್ಲಿ ಹತ್ತೇ. ಮೊದಲ ಎರಡು ವಿಶ್ವಕಪ್ ಗೆದ್ದ ವೆಸ್ಟ್ ಇಂಡೀಸ್ ಆ ಸಲ ಅರ್ಹತೆಯನ್ನೇ ಪಡೆಯಲಿಲ್ಲ. ಐರ್ಲೆಂಡೂ ಇರಲಿಲ್ಲ, ಜಿಂಬಾಬ್ವೆಯೂ ಇರಲಿಲ್ಲ. ನೆದರ್ಲೆಂಡ್ಸ್ ಒಂದು ಕಷ್ಟಪಟ್ಟು ಒಳಗೆ ಬಂದಿತ್ತು. ಚಿಕ್ಕವರನ್ನು ಪಂಕ್ತಿಗೆ ಕೂರಿಸದೆ ದೊಡ್ಡವರೇ ಉಂಡರೆ ಅದೆಂಥ ಹಬ್ಬ? 2027ರಲ್ಲಿ ಮತ್ತೆ 14 ತಂಡ ಎಂದು ಹೇಳಿದ್ದಾರೆ. ಒಳ್ಳೆಯದಾಯಿತು.

ಎರಡನೆಯದು ಬೌಲರುಗಳ ಪರವಾದ ತಕರಾರು. 2011ರ ಅಕ್ಟೋಬರಿನಿಂದ 2025ರವರೆಗೆ ಒಂದು ಪೂರ್ತಿ ಇನಿಂಗ್ಸ್‌ಗೆ ಎರಡು ಹೊಸ ಚೆಂಡು, ಒಂದೊಂದು ತುದಿಯಿಂದ ಒಂದೊಂದು. ಹೀಗಾಗಿ ಯಾವ ಚೆಂಡೂ 25 ಓವರಿಗಿಂತ ಹಳೆಯದಾಗುತ್ತಿರಲಿಲ್ಲ. ಚೆಂಡು ಸವೆದಾಗ ಸ್ಪಿನ್ನರಿಗೆ ಸಿಗುವ ಹಿಡಿತ, ವೇಗದವರಿಗೆ ಸಿಗುವ ರಿವರ್ಸ್ ಸ್ವಿಂಗ್ ಎರಡೂ ಕಡಿಮೆಯಾದವು. ಜೊತೆಗೆ ಮೊದಲ 10 ಓವರಿನಲ್ಲಿ ವೃತ್ತದ ಹೊರಗೆ ಇಬ್ಬರೇ ಫೀಲ್ಡರು, 11ರಿಂದ 40ರವರೆಗೆ ನಾಲ್ವರು, ಕೊನೆಯಲ್ಲಿ ಐವರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಚಿನ್ನಸ್ವಾಮಿಯ ಬೌಂಡರಿಯೂ ಹತ್ತಿರ. ಚೆಂಡು ಹಗುರವಾಗಿ ಹಾರುತ್ತದೆ. 2013ರಲ್ಲಿ ರೋಹಿತ್ ಶರ್ಮಾ ಇಲ್ಲಿ ಆಸ್ಟ್ರೇಲಿಯಾ ವಿರುದ್ಧ 16 ಸಿಕ್ಸರ್ ಸಹಿತ 209 ಹೊಡೆದದ್ದು ನೋಡಲು ಚಂದವೇ. ಆದರೆ ತಕ್ಕಡಿಯ ಒಂದೇ ತಟ್ಟೆಗೆ ಎಲ್ಲ ಬೆಲ್ಲ ಸುರಿದರೆ ಮಕ್ಕಳು ಬೌಲರ್ ಆಗಲು ಯಾಕೆ ಬಯಸುತ್ತಾರೆ? ಒಂದೇ ಚೆಂಡಿಗೆ ಹಿಂದಿರುಗಬೇಕು ಎನ್ನುವುದು ನನ್ನ ಅಭಿಪ್ರಾಯ.

ಇನ್ನು “ಏಕದಿನ ಕ್ರಿಕೆಟ್ ಸತ್ತೇ ಹೋಯಿತು” ಎನ್ನುವವರ ಮಾತು. ಮೂರು ಮಕ್ಕಳ ಮನೆಯಲ್ಲಿ ನಡುವಿನವನ ಪಾಡು ಇದರದ್ದು. ಹಿರಿಯ ಟೆಸ್ಟ್‌ಗೆ ಗೌರವ, ಕಿರಿಯ ಟಿ–ಟ್ವೆಂಟಿಗೆ ಮುದ್ದು. ನಡುವಿನವನನ್ನು ಕೇಳುವವರಿಲ್ಲ. ಆದರೆ ತಾತನೂ ಮೊಮ್ಮಗನೂ ಒಂದೇ ದಿನದಲ್ಲಿ ಆದಿ, ಮಧ್ಯ, ಅಂತ್ಯ ಎಲ್ಲವನ್ನೂ ಒಟ್ಟಿಗೆ ಕೂತು ನೋಡಬಹುದಾದ ಆಟ ಇದೊಂದೇ. ಐದು ದಿನ ಕೂರಲು ಅವನಿಗೆ ಶಾಲೆ ಬಿಡುವುದಿಲ್ಲ. ಇಪ್ಪತ್ತು ಓವರಿನ ಗದ್ದಲದಲ್ಲಿ ಮಾತಾಡಲು ನನಗೆ ಸಮಯ ಸಿಗುವುದಿಲ್ಲ. ನಿದ್ದೆ ಬರುತ್ತದೆ ಎಂದನಲ್ಲ, ಆ ನಡುವಿನ ಓವರುಗಳಲ್ಲೇ ನಮ್ಮ ಅರ್ಧ ಕಥೆಗಳು ಹೊರಬರುವುದು.

ಮಳೆ ಬಂದರೆ?

ಅಕ್ಟೋಬರ್–ನವೆಂಬರ್ ಅಂದರೆ ಬೆಂಗಳೂರಿನಲ್ಲಿ ಹಿಂಗಾರು ಮಳೆ. ಚಿನ್ನಸ್ವಾಮಿಯ ಹುಲ್ಲಿನ ಕೆಳಗೆ ಕೊಳವೆಗಳ ಜಾಲವಿದೆ. ಯಂತ್ರಗಳು ನೀರನ್ನು ಬೇಗ ಕೆಳಕ್ಕೆ ಎಳೆದುಕೊಳ್ಳುತ್ತವೆ. 2017ರಲ್ಲಿ ಬಂದ ಈ ವ್ಯವಸ್ಥೆ ಕ್ರಿಕೆಟ್ ಮೈದಾನಗಳಲ್ಲಿ ಜಗತ್ತಿಗೇ ಮೊದಲನೆಯದು.

ಆದರೂ ಓವರುಗಳು ಕಡಿಮೆಯಾದರೆ ‘ಡಕ್‌ವರ್ತ್–ಲೂಯಿಸ್–ಸ್ಟರ್ನ್’ ಲೆಕ್ಕ ಬರುತ್ತದೆ. ಇದಕ್ಕೆ ಹೆದರಬೇಡಿ. ನಿಮ್ಮ ಅಮ್ಮನ ಡಬ್ಬಿಯಲ್ಲಿ ದುಡ್ಡು ಎಷ್ಟಿದೆ, ತಿಂಗಳು ಮುಗಿಯಲು ದಿನ ಎಷ್ಟಿದೆ, ಎರಡನ್ನೂ ನೋಡಿ ಅವರು ಖರ್ಚು ಮಾಡುತ್ತಾರಲ್ಲವೇ? ಹಾಗೆಯೇ ಬ್ಯಾಟಿಂಗ್ ತಂಡಕ್ಕೆ ಎರಡು ಆಸ್ತಿ: ಉಳಿದ ಓವರು, ಉಳಿದ ವಿಕೆಟ್. ಮಳೆ ಎಷ್ಟು ಆಸ್ತಿಯನ್ನು ಕಸಿದುಕೊಂಡಿತು ಎಂದು ನೋಡಿ ಗುರಿಯನ್ನು ಬದಲಿಸುತ್ತಾರೆ. ಈ ಲೆಕ್ಕ ಬರುವ ಮೊದಲು, 1992ರ ಸೆಮಿಫೈನಲ್ಲಿನಲ್ಲಿ ದಕ್ಷಿಣ ಆಫ್ರಿಕಾಕ್ಕೆ 13 ಎಸೆತಗಳಲ್ಲಿ 22 ರನ್ ಬೇಕಿತ್ತು. ಸ್ವಲ್ಪ ಮಳೆ ಬಂದು ನಿಂತಿತು. ಮತ್ತೆ ಆಟ ಶುರುವಾದಾಗ ಉಳಿದದ್ದು ಒಂದೇ ಎಸೆತ, ಬೇಕಾದದ್ದು 21 ರನ್! ಅದಕ್ಕಿಂತ ಈಗಿನ ಲೆಕ್ಕ ಸಾವಿರ ಪಾಲು ವಾಸಿ.

ಮನೆಗೆ ಬರುವ ಅತಿಥಿಗಳು

ಬೆಂಗಳೂರಿನ ಐದು ಪಂದ್ಯಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೆವು. ಅಕ್ಟೋಬರ್ 20 ಆಸ್ಟ್ರೇಲಿಯಾ–ಪಾಕಿಸ್ತಾನ. 26 ಇಂಗ್ಲೆಂಡ್–ಶ್ರೀಲಂಕಾ. ನವೆಂಬರ್ 4 ನ್ಯೂಜಿಲೆಂಡ್–ಪಾಕಿಸ್ತಾನ. 9 ನ್ಯೂಜಿಲೆಂಡ್–ಶ್ರೀಲಂಕಾ. 12ರ ಭಾನುವಾರ, ನರಕ ಚತುರ್ದಶಿಯ ದಿನ, ಭಾರತ–ನೆದರ್ಲೆಂಡ್ಸ್. ನವೆಂಬರ್ 4ರದು ಬೆಳಿಗ್ಗೆ ಹತ್ತೂವರೆಗೆ, ಉಳಿದವು ಮಧ್ಯಾಹ್ನ ಎರಡಕ್ಕೆ. ನ್ಯೂಜಿಲೆಂಡ್ ತಂಡದಲ್ಲಿ ರಚಿನ್ ರವೀಂದ್ರ ಎಂಬ ಹುಡುಗನಿದ್ದ. ತಂದೆ ತಾಯಿ ಬೆಂಗಳೂರಿನಿಂದ ಹೋದವರು. ಅವನು ಚಿನ್ನಸ್ವಾಮಿಗೆ ಇಳಿದರೆ ಯಾರಿಗೆ ಚಪ್ಪಾಳೆ ತಟ್ಟುವುದು ಎಂಬ ಗೊಂದಲವೇ ಬೇಡ.

ಪಾಕಿಸ್ತಾನ ಎರಡು ಸಲ ನಮ್ಮೂರಿಗೆ ಬರುವುದಿತ್ತು. ಈ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ಅಳುಕು ಇತ್ತು, ಹೇಳಿಬಿಡುತ್ತೇನೆ. 1996ರಲ್ಲಿ ನಮ್ಮ ಕ್ವಾರ್ಟರ್ ಫೈನಲ್ ಆಗಿ ನಾಲ್ಕೇ ದಿನಕ್ಕೆ ಕೋಲ್ಕತ್ತದ ಸೆಮಿಫೈನಲ್ಲಿನಲ್ಲಿ ಭಾರತ ಸೋಲುವುದನ್ನು ಸಹಿಸದೆ ಜನ ಬಾಟಲಿ ಎಸೆದು, ಬೆಂಕಿ ಹಚ್ಚಿ, ಪಂದ್ಯವೇ ನಿಂತುಹೋಯಿತು. ವಿನೋದ್ ಕಾಂಬ್ಳಿ ಅಳುತ್ತ ಮೈದಾನದಿಂದ ಹೊರನಡೆದರು. ಮೂರು ವರ್ಷದ ನಂತರ ಚೆನ್ನೈಯಲ್ಲಿ ಪಾಕಿಸ್ತಾನ ನಮ್ಮನ್ನು 12 ರನ್ನಿನಿಂದ ಸೋಲಿಸಿ ಟೆಸ್ಟ್ ಗೆದ್ದಿತು. ಅಲ್ಲಿಯ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗೆದ್ದವರು ಮೈದಾನಕ್ಕೆ ಒಂದು ಸುತ್ತು ಬಂದು ಆ ಗೌರವ ಸ್ವೀಕರಿಸಿದರು. ಎರಡೂ ನಮ್ಮ ದೇಶದಲ್ಲೇ ನಡೆದದ್ದು. ಬೆಂಗಳೂರು ಯಾವುದರಂತೆ ನಡೆದುಕೊಳ್ಳಬೇಕು ಎನ್ನುವುದು ನಮ್ಮ ಕೈಯಲ್ಲಿದೆ. ಟಿ.ವಿ. ಮುಂದೆ ನಾವು ಆಡುವ ಮಾತನ್ನೇ ಮಕ್ಕಳು ನಾಳೆ ಮೈದಾನದಲ್ಲಿ ಕೂಗುತ್ತಾರೆ. ಅಜ್ಜ-ಅಜ್ಜಿಯರೇ, ಇದನ್ನು ನಾವು ಮರೆಯಬಾರದು.

ಆ ಸಲ ಯಾರು?

ಅದಕ್ಕೆ ಹಿಂದಿನ ಮೂರು ವಿಶ್ವಕಪ್‌ಗಳನ್ನೂ ಆತಿಥೇಯರೇ ಗೆದ್ದಿದ್ದರು: 2011ರಲ್ಲಿ ಭಾರತ, 2015ರಲ್ಲಿ ಆಸ್ಟ್ರೇಲಿಯಾ, 2019ರಲ್ಲಿ ಇಂಗ್ಲೆಂಡ್. ನಮ್ಮ ತಂಡ 2023ರ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ ಗೆದ್ದು ಬಂದಿತ್ತು. ಫೈನಲ್ಲಿನಲ್ಲಿ ಸಿರಾಜ್ 21 ರನ್ನಿಗೆ 6 ವಿಕೆಟ್ ಕಿತ್ತು ಶ್ರೀಲಂಕಾವನ್ನು 50ಕ್ಕೆ ಕೆಡವಿದರು. ಗಾಯದಿಂದ ಎದ್ದು ಬಂದ ನಮ್ಮ ಕೆ.ಎಲ್. ರಾಹುಲ್ ಪಾಕಿಸ್ತಾನದ ವಿರುದ್ಧ ಅಜೇಯ 111 ಹೊಡೆದರು. ಆಗ ಕೊಹ್ಲಿಯ ಶತಕಗಳು 47. ಸಚಿನ್ ಅವರ 49ಕ್ಕೆ ಎರಡೇ ಬಾಕಿ ಇದ್ದವು. ಆಗ ತಂಡಕ್ಕೆ ಪಾಠ ಹೇಳುತ್ತಿದ್ದವರು ರಾಹುಲ್ ದ್ರಾವಿಡ್. 1999ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 461 ರನ್ ಹೊಡೆದ ಅವರಿಗೆ ಆಟಗಾರನಾಗಿ ಕಪ್ ಸಿಗಲಿಲ್ಲ. ಗುರುವಾಗಿ ಸಿಕ್ಕರೆ ಎಷ್ಟು ಚಂದ ಎಂದುಕೊಂಡಿದ್ದೆವು! ಭಾರತ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೆಮಿಫೈನಲ್ ತಲುಪುತ್ತವೆ ಎಂಬುದರಲ್ಲಿ ನಮ್ಮಿಬ್ಬರದೂ ಒಂದೇ ಮಾತಾಗಿತ್ತು. ನಾಲ್ಕನೆಯದಕ್ಕೆ ಅವನು ಇಂಗ್ಲೆಂಡ್ ಎನ್ನುತ್ತಿದ್ದ, ನಾನು ದಕ್ಷಿಣ ಆಫ್ರಿಕಾ. ಸೋತವರು ಮಸಾಲೆ ದೋಸೆ ಕೊಡಿಸಬೇಕಿತ್ತು. ಅವನು ಸೋತರೆ ದುಡ್ಡು ಅವನ ಅಜ್ಜಿಯದಂತೆ!

ಸ್ಕೋರ್ ಬರೆಯಿರಿ

ಮಕ್ಕಳೇ, ಒಂದೇ ಒಂದು ಪಂದ್ಯವನ್ನಾದರೂ ಮೊದಲ ಎಸೆತದಿಂದ ಕೊನೆಯ ಎಸೆತದವರೆಗೆ ನೋಡಿ. ಮೊಬೈಲ್ ಪಕ್ಕಕ್ಕಿಟ್ಟು ಒಂದು ರೂಲ್ಡ್ ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಬ್ಯಾಟ್ಸ್‌ಮನ್‌ಗಳ ಹೆಸರು, ಬಲಗಡೆ ಬೌಲರುಗಳ ಹೆಸರು. ರನ್ ಬರದ ಎಸೆತಕ್ಕೆ ಒಂದು ಚುಕ್ಕೆ, ರನ್ ಬಂದರೆ ಅದರ ಅಂಕಿ, ವಿಕೆಟ್ ಬಿದ್ದರೆ ಒಂದು ಗುಣಾಕಾರ ಚಿಹ್ನೆ. ಇನಿಂಗ್ಸ್ ಮುಗಿದ ಮೇಲೆ ತಾಳೆ ನೋಡಬೇಕು. ಬ್ಯಾಟ್ಸ್‌ಮನ್‌ಗಳ ರನ್ನಿಗೆ ಇತರೆ ರನ್ ಸೇರಿಸಿದರೆ ತಂಡದ ಮೊತ್ತ ಬರಬೇಕು. ಬೌಲರುಗಳು ಕೊಟ್ಟ ರನ್ನಿಗೆ ಬೈ ಮತ್ತು ಲೆಗ್ ಬೈ ಸೇರಿಸಿದರೂ ಅದೇ ಮೊತ್ತ ಬರಬೇಕು. ವೈಡ್ ಮತ್ತು ನೋಬಾಲ್ ಬೌಲರಿನ ಖಾತೆಗೇ ಸೇರುತ್ತವೆ, ನೆನಪಿರಲಿ. ಎರಡು ಕಡೆಯೂ ಒಂದೇ ಬಂದರೆ ನಿಮ್ಮ ಲೆಕ್ಕ ಸರಿ.

ಹೀಗೆ ಬರೆಯುವಾಗ ಪ್ರತಿ ಚುಕ್ಕೆಯ ಬೆಲೆ ತಿಳಿಯುತ್ತದೆ. ಟಿ.ವಿ.ಯವರು ಸಿಕ್ಸರನ್ನು ಹತ್ತು ಸಲ ತೋರಿಸುತ್ತಾರೆ, ಚುಕ್ಕೆಯನ್ನು ತೋರಿಸುವುದಿಲ್ಲ. ಬೌಲರ್ ಪಟ್ಟ ಶ್ರಮವೆಲ್ಲ ಆ ಚುಕ್ಕೆಯಲ್ಲೇ ಇರುತ್ತದೆ. ನನ್ನ ಮೊಮ್ಮಗ ನೋಟ್‌ಬುಕ್ಕಿಗೆ ಈಗಲೇ ಗೆರೆ ಹಾಕಿ ಇಟ್ಟಿದ್ದಾನೆ. ಬೌಲರುಗಳ ಕಡೆಯ ಪುಟಕ್ಕೆ ಹೆಚ್ಚು ಜಾಗ ಬಿಟ್ಟಿದ್ದಾನೆ. ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಿನ್ನೆ ಸಂಜೆ ಮನೆಯ ಹಿಂದಿನ ಗೋಡೆಗೆ ಚೆಂಡು ಬಡಿಯುವ ಸದ್ದು ಮಾತ್ರ ಕತ್ತಲಾಗುವವರೆಗೂ ಕೇಳುತ್ತಿತ್ತು.